ಹಿಮ್ಮಡಿಗೆ ಕಟ್ಟಿದ ಕುಲಾವಿ

ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅನುಸೂಯಾ ಒಂದು ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಾರೆ. ಪಾದದ ಒಡತಿ ಹುಟ್ಟಿ ನಾಲ್ಕು ದಿನ. ಮೈಯೆಲ್ಲ ಕಾಮಾಲೆಯ ಹಳದಿ. ಇವತ್ತಿನ ರಕ್ತದಲ್ಲಿ ಅದು ಇಳಿದಿದ್ದರೆ ಮನೆಗೆ, ಇಲ್ಲವಾದರೆ ಮತ್ತೆ ನೀಲಿ ದೀಪದ ಕೆಳಗೆ. ನಿನ್ನೆ ಬೇರೊಬ್ಬರು ಹಿಂಡಿ ತೆಗೆದ ರಕ್ತ ಕೆಟ್ಟು, ಎರಡು ಸಲ ಚುಚ್ಚಬೇಕಾಯಿತು. ಮಗುವಿಗಿಂತ ಹೆಚ್ಚು ಅತ್ತವರು ಬಾಗಲಕೋಟೆಯಿಂದ ಬಾಣಂತನಕ್ಕೆ ಬಂದಿರುವ ಅಜ್ಜಿ ಶಿವಬಸವ್ವ.

"ಇವತ್ತರ ಒಂದ ಸಲ ಚುಚ್ಚ್ರಿ ಯವ್ವಾ," ಎನ್ನುತ್ತಾರೆ.

ಅನುಸೂಯಾ ನಂಜನಗೂಡಿನಲ್ಲಿ ಲ್ಯಾಬ್ ಕೆಲಸ ಮಾಡಿದವರು. ಆ ಅನುಭವಕ್ಕೆ ಹ್ಯೂಸ್ಟನ್‌ನಲ್ಲಿ ಕಿಮ್ಮತ್ತಿರಲಿಲ್ಲ. ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆ ಬರೆದು ರಕ್ತ ತೆಗೆಯುವ ಈ ಕೆಲಸ ಹಿಡಿದರು. ಈಗ ದಿನಕ್ಕೆ ಇಪ್ಪತ್ತು ಹಿಮ್ಮಡಿಗಳಾದರೂ ಅವರ ಕೈ ದಾಟುತ್ತವೆ. ಡಾಕ್ಟರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಮಕ್ಕಳು ಅಳುವುದು ಮಾತ್ರ ಇವರನ್ನು ಕಂಡು.

ಅವರ ಸಾಧನ ತೀರಾ ಸಣ್ಣ ತೂತಿನ ಒಂದು ಗಾಜಿನ ಕೊಳವೆ. ಅದನ್ನು ತೋರಿಸಿ ಅಜ್ಜಿಗೆ ಹೇಳುತ್ತಾರೆ: "ಎಳೀಬಾರ್ದು, ಹಿಂಡ್ಬಾರ್ದು. ಹನಿ ದುಂಡಗೆ ನಿಂತಾಗ ತುದಿ ಮುಟ್ಟಿಸಿದ್ರೆ ಸಾಕು, ರಕ್ತ ಗಾಜಿಗೆ ಅಂಟ್ಕೊಂಡು ತಾನಾಗೇ ಹತ್ತತ್ತೆ. ತೂತು ಸಣ್ಣದಾದಷ್ಟೂ ಮೇಲಕ್ಕೆ ಹೋಗತ್ತೆ. ನಾವು ಅವಸರ ಮಾಡಿದ್ರೇ ಕೆಡೋದು."

ಆದರೆ ಎ.ಸಿ.ಯ ತಂಪಿಗೆ ಪಾದ ಮಂಜುಗಡ್ಡೆಯಾಗಿದೆ. ತಣ್ಣಗಿನ ಹಿಮ್ಮಡಿಯಲ್ಲಿ ಹನಿ ಮೂಡುವುದಿಲ್ಲ. ಬಿಸಿ ಪೊಟ್ಟಣ ಇಟ್ಟರೆ ಪುಟ್ಟಿ ಝಾಡಿಸಿ ಒದೆಯುತ್ತಾಳೆ. ನೀಲಿ ದೀಪ ಆರಿಸಿದ ಕೂಡಲೇ ಅಜ್ಜಿ ಮಗುವಿನ ತಲೆಗೆ ತೊಡಿಸಿದ ಕೆಂಪು ಕುಲಾವಿಯ ಮೇಲೆ ಅನುಸೂಯಾ ಕಣ್ಣು ಬೀಳುತ್ತದೆ. ಅದಕ್ಕೆ ಕಟ್ಟಲು ಲಾಡಿಯೂ ಇದೆ. ಬಿಚ್ಚಿ, ಪೊಟ್ಟಣದ ಸಮೇತ ಪಾದಕ್ಕೆ ಕಟ್ಟಿಬಿಡುತ್ತಾರೆ.

ಶಿವಬಸವ್ವ ಹೌಹಾರುತ್ತಾರೆ. ತಮ್ಮ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದದ್ದು ಅದು. "ತಲೀದು ಕಾಲಿಗೆ ಕಟ್ತಾರೇನ್ರಿ?"

"ಐದು ನಿಮಿಷ ಅಮ್ಮ. ಬೆಚ್ಚಗಾದ್ರೆ ಒಂದೇ ಸಲ ಚುಚ್ಚೋದು."

ಹಿಮ್ಮಡಿ ಕೆಂಪೇರುತ್ತದೆ. ಅನುಸೂಯಾ ಒಮ್ಮೆ ಚುಚ್ಚಿ, ಮೊದಲ ಹನಿ ಒರೆಸುತ್ತಾರೆ. ಎರಡನೆಯದು ದುಂಡಗೆ ನಿಲ್ಲುತ್ತದೆ. ಕೊಳವೆ ಮುಟ್ಟಿಸಿದ್ದೇ ತಡ, ರಕ್ತ ಎಲ್ಲೂ ಗಾಳಿ ಬಿಡದೆ ಏರಿ ತುಂಬುತ್ತದೆ. ಪುಟ್ಟಿ ಸಂಪ್ರದಾಯಕ್ಕೆಂಬಂತೆ ಒಂದಿಷ್ಟು ಅಳುತ್ತಾಳೆ.

ಬೆಳಗಾಗುವಷ್ಟರಲ್ಲಿ ಫಲಿತಾಂಶ ಬರುತ್ತದೆ: ಕಾಮಾಲೆ ಇಳಿದಿದೆ. ತಾಯಿ ಅನನ್ಯಾ ಖುಷಿಯಿಂದ ಬ್ಯಾಗು ತುಂಬುತ್ತಾಳೆ. ಶಿವಬಸವ್ವ ಕುಲಾವಿಯನ್ನು ಕೈಗೆತ್ತಿಕೊಂಡು, ಕ್ಷಣ ಯೋಚಿಸಿ, ಮತ್ತೆ ಅದೇ ಪಾದಕ್ಕೇ ಕಟ್ಟುತ್ತಾರೆ.

ಬಾಗಿಲಲ್ಲಿ ನಿಂತು ನೋಡುತ್ತಿರುವ ಅನುಸೂಯಾ ನಗುತ್ತಾರೆ. "ಇವಳಿಗೆ ನನ್ನ ಮುಖ ನೆನಪಿರಲ್ಲ, ಇರೋದೂ ಬೇಡ. ಹಿಮ್ಮಡೀಲಿ ಇವತ್ತು ಚುಚ್ಚಿದ ಚುಕ್ಕೆ ಒಂದೇ ಅಲ್ವಾ, ಅಷ್ಟು ಸಾಕು."