ಬರಿ ಸಾರಿನ ಒಂದು ತುತ್ತು

ದಾಕ್ಷಾಯಣಿ ಕಳೆದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಊಟ ಮುಗಿಸಿ ಮಲಗಿದವಳು ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಅರವತ್ತೆರಡು ವರ್ಷವಾಗಿತ್ತು. ಅವತ್ತು ಅವಳ ಮನೆಯಲ್ಲೇ ಉಂಡು ಹೊರಟಿದ್ದ ಗೆಳತಿ ಶೇಷಮ್ಮ ಭದ್ರಾವತಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಫೋನ್ ಬಂತು.

ಶಿವಗಣಾರಾಧನೆಯ ದಿನ ಪಂಕ್ತಿಯ ನಡುವೆ ನಿಂತು ದಾಕ್ಷಾಯಣಿಯ ಗಂಡ ಏಕಾಂತಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಅವಳ ಕೈರುಚಿ ಇನ್ನೆಲ್ಲಿ ಸಿಗುತ್ತೆ ಬಿಡಿ. ಏನು ಸಾರು ಮಾಡೋಳು! ಸಾಕ್ಷಾತ್ ಅನ್ನಪೂರ್ಣೆ." ಕೇಳಿದವರು ಕಣ್ಣೊರೆಸಿಕೊಂಡರು. ಶೇಷಮ್ಮ ಎಲೆಯ ಮುಂದೆ ಕೂತು ಹಲ್ಲು ಕಚ್ಚಿದಳು. ಅವಳ ಕೈರುಚಿ ಈ ಮನುಷ್ಯನಿಗೆ ಹೇಗೆ ಗೊತ್ತು? ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಮಾಡಿದ್ದೆಂದು ತಿಳಿದು, ಅದನ್ನು ಅದರ ಪಾಡಿಗೆ ಬಿಟ್ಟು, ಒಂದು ತುತ್ತಾದರೂ ತಿಂದಿದ್ದನೇ?

ದಾಕ್ಷಾಯಣಿ ಕುಂಸಿಯ ಕಿರಾಣಿ ಅಂಗಡಿಯವರ ಮಗಳು. ಶೇಷಮ್ಮ ಭದ್ರಾವತಿಯ ಕಾರ್ಖಾನೆ ಕೆಲಸಗಾರನ ಮಗಳು. ಶಿಕ್ಷಕಿಯರಾಗುವ ತರಬೇತಿಗೆಂದು ಶಿವಮೊಗ್ಗಕ್ಕೆ ಬಂದು ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಸೀಮೆಎಣ್ಣೆ ಸ್ಟೋವಿನ ಮೇಲೆ ದಾಕ್ಷಾಯಣಿ ಹುರುಳಿಕಟ್ಟಿನ ಸಾರಿಟ್ಟರೆ ಪಕ್ಕದ ಕೋಣೆಯ ಹುಡುಗಿಯರು ಲೋಟ ಹಿಡಿದು ಬರುತ್ತಿದ್ದರು. ಆ ಸಾರು ಅವಸರದವರಿಗಲ್ಲ. ಹಿಂದಿನ ದಿನವೇ ಹುರುಳಿ ನೆನೆಸಬೇಕು. ಸಣ್ಣ ಉರಿಯಲ್ಲಿ ಬೇಯಿಸಿ ಕಟ್ಟು ಬಸಿಯಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು ಅರೆದು ಹಾಕಿ, ಕುದಿದು ಕುದಿದು ಬಣ್ಣ ಕಪ್ಪಿಗೆ ತಿರುಗುವವರೆಗೆ ಪಕ್ಕದಲ್ಲೇ ನಿಂತಿರಬೇಕು. ದಾಕ್ಷಾಯಣಿ ನಿಲ್ಲುತ್ತಿದ್ದಳು, ಕೈಯಲ್ಲಿ ಪಾಠದ ಪುಸ್ತಕ ಹಿಡಿದು.

ಶೇಷಮ್ಮ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದಳು. ದಾಕ್ಷಾಯಣಿ ಕುಂಸಿಯಲ್ಲಿ ಎರಡು ವರ್ಷ ಪಾಠ ಮಾಡುವಷ್ಟರಲ್ಲಿ ಮದುವೆಯಾಯಿತು. "ಸೊಸೆ ಸಂಬಳ ತಿನ್ನೋ ಗತಿ ನಮಗೆ ಬಂದಿಲ್ಲ" ಎಂದಳು ಅತ್ತೆ ಶಂಕರಮ್ಮ. ಶಾಲೆಯ ಮಕ್ಕಳಿಗೆ ಹಂಚಬೇಕಾಗಿದ್ದ ಬುದ್ಧಿಯನ್ನೆಲ್ಲ ದಾಕ್ಷಾಯಣಿ ಅಡುಗೆಮನೆಗೆ ಸುರಿದಳು. ಅವಳ ಪಾಲಿಗೆ ಉಳಿದದ್ದು ಅದೊಂದೇ.

ಏಕಾಂತಪ್ಪನಿಗೆ ಕೋಟೆ ರಸ್ತೆಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ. ಕುಡಿಯುವವನಲ್ಲ, ಹೊಡೆಯುವವನಲ್ಲ. ಅದಕ್ಕೇ ದಾಕ್ಷಾಯಣಿಯ ಸಿಟ್ಟು ಯಾರ ಕಣ್ಣಿಗೂ ಸಿಟ್ಟಾಗಿ ಕಾಣಲಿಲ್ಲ. ಅವನು ಊಟಕ್ಕೆ ಕೂತರೆ ಸಾರು ಬಡಿಸುವ ಸೌಟು ಮೇಲೇಳುವ ಮೊದಲೇ ಕೈ ಜಾಡಿಗೆ ಹೋಗುತ್ತಿತ್ತು. ಮಾವಿನಕಾಯಿ ಉಪ್ಪಿನಕಾಯಿ, ರಸದ ಸಮೇತ. ಅದರ ಮೇಲೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅದರ ಮೇಲೆ ಮೊಸರು. ಎಲ್ಲವನ್ನೂ ಕಲಸಿ ಕೆಸರು ಮಾಡಿ, ಫೋನು ನೋಡುತ್ತಾ ತಿನ್ನುತ್ತಿದ್ದ. ಅಕ್ಕಿರೊಟ್ಟಿಯಾದರೆ ಟೊಮೆಟೊ ಸಾಸ್ ಬಾಟಲಿಯ ತಳ ತಟ್ಟಿ ತಟ್ಟಿ ರೊಟ್ಟಿ ಮುಳುಗಿಸುತ್ತಿದ್ದ. ಮಗಳು ರಶ್ಮಿಯೂ ಅದನ್ನೇ ಕಲಿತಳು. ಅವರೆಕಾಳಿರಲಿ, ಮೆಂತ್ಯಸೊಪ್ಪಿರಲಿ, ಹುರುಳಿಯಿರಲಿ, ಆ ತಟ್ಟೆಯಲ್ಲಿ ಎಲ್ಲದಕ್ಕೂ ಒಂದೇ ಬಣ್ಣ.

"ರೀ, ಒಂದು ತುತ್ತು ಹಾಗೇ ತಿಂದು ನೋಡಿ. ಆಮೇಲೆ ಬೇಕಾದ್ದು ಸುರ್ಕೊಳ್ಳಿ" ಎನ್ನುತ್ತಿದ್ದಳು ದಾಕ್ಷಾಯಣಿ.

"ಹಾಸ್ಟೆಲ್ ಅಭ್ಯಾಸ ಕಣೇ. ಅಲ್ಲಿ ಸಾರು ಅಂದ್ರೆ ಬಿಸಿನೀರು. ಊರಿಂದ ತಂದ ಉಪ್ಪಿನಕಾಯಿ ಇಲ್ದಿದ್ರೆ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ."

"ಇದು ಹಾಸ್ಟೆಲ್ಲಾ?"

"ಉಪ್ಪಿನಕಾಯಿನೂ ನಿನ್ನ ಕೈದೇ ಅಲ್ವಾ ಮಾರಾಯ್ತಿ? ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ."

ಅವಳು ಉಪ್ಪಿನಕಾಯಿ ಹಾಕುವುದನ್ನೇ ಬಿಟ್ಟಳು. ಏಕಾಂತಪ್ಪ ಬೇಸರವನ್ನೂ ಮಾಡಿಕೊಳ್ಳದೆ ಅಂಗಡಿಯಿಂದ ತಂದ. ಮನೆಯದಕ್ಕೂ ಅಂಗಡಿಯದಕ್ಕೂ ಅವನಿಗೆ ವ್ಯತ್ಯಾಸ ತಿಳಿದಂತೆಯೂ ಕಾಣಲಿಲ್ಲ.

ಅತ್ತೆಯ ಹತ್ತಿರ ದೂರು ಹೇಳುವ ಹಾಗಿರಲಿಲ್ಲ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನೆ ಅದು. ಎಲೆಗೆ ಬಿದ್ದದ್ದು ಪ್ರಸಾದ. ಪ್ರಸಾದಕ್ಕೆ ಹೆಸರಿಡಬಾರದು, ಒಂದಗುಳು ಬಿಡಬಾರದು, ಉಂಡ ತಟ್ಟೆಯನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. ಏಕಾಂತಪ್ಪ ಈ ಯಾವುದನ್ನೂ ತಪ್ಪಿಸಿದವನಲ್ಲ. ಉಪ್ಪಿನಕಾಯಿ ಎಣ್ಣೆ ತೇಲುವ ಕೆಂಪು ನೀರನ್ನು ಗಟಗಟ ಕುಡಿದು ಏಳುತ್ತಿದ್ದ. "ಇನ್ನೇನು ಬೇಕೇ ನಿಂಗೆ? ನನ್ನ ಮಗ ಒಂದಿನ ಅಡುಗೆ ಕೆಟ್ಟದು ಅಂದಿದ್ದಾನಾ?" ಎಂದು ಶಂಕರಮ್ಮ ಬದುಕಿರುವಷ್ಟು ಕಾಲ ಕೇಳಿದಳು. ಅಂದಿರಲಿಲ್ಲ, ನಿಜ. ಆ ಮನೆಯಲ್ಲಿ ಅಡುಗೆ ಕೆಟ್ಟದ್ದೆಂದು ಯಾರೂ ಅನ್ನಲಿಲ್ಲ. ಒಳ್ಳೆಯದೆಂದೂ ಯಾರೂ ಅನ್ನಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಭದ್ರಾವತಿಗೆ, ಶೇಷಮ್ಮನ ಮನೆಗೆ ಊಟಕ್ಕೆ ಬಂದರು. ಏಕಾಂತಪ್ಪ ಹಜಾರದಲ್ಲಿ ಶೇಷಮ್ಮನ ಗಂಡ ನಾಗಯ್ಯನ ಜೊತೆ ಕ್ರಿಕೆಟ್ ನೋಡುತ್ತಾ ಕೂತ. ಒಳಗೆ ದಾಕ್ಷಾಯಣಿ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತವಳು ಯಾರಿಗೂ ಸೌಟು ಮುಟ್ಟಲು ಬಿಡಲಿಲ್ಲ. ಬಡಿಸಿದ್ದು ಮಾತ್ರ ಶೇಷಮ್ಮನ ಮಗಳು ಸಂಘಮಿತ್ರಾ.

ಏಕಾಂತಪ್ಪ ತೊಡೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರಿಗೂ ಬಡಿಸುವವರೆಗೆ ಕಾದ. ಬಿಸಿ ಅನ್ನದ ಮೇಲೆ ಬರಿ ಹುರುಳಿಕಟ್ಟು ಹಾಕಿಸಿಕೊಂಡು ಉಂಡ. ಮತ್ತೆ ಹಾಕಿಸಿಕೊಂಡ. ಕೊನೆಗೆ ಬಟ್ಟಲಿಗೆ ಹಾಕಿಸಿಕೊಂಡು ಸೊರ್ರೆಂದು ಕುಡಿದ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ದಾಕ್ಷಾಯಣಿಯ ಮುಖ ನೋಡಿ ಶೇಷಮ್ಮನಿಗೆ ಆ ಬಾಡಿಗೆ ಕೋಣೆಯ ಹುಡುಗಿ ನೆನಪಾದಳು.

"ನಿನ್ನ ಕೈ ಭಾರಿ ಚೆನ್ನಾಗಿದೆ ಕಣಮ್ಮಾ" ಎಂದ ಏಕಾಂತಪ್ಪ, ಸಂಘಮಿತ್ರಾಳಿಗೆ. ಹೆಂಡತಿಯ ಕಡೆ ತಿರುಗಿ, "ನೋಡಿ ಕಲ್ತ್ಕೋ ಸ್ವಲ್ಪ" ಎಂದ.

"ಅಂಕಲ್, ಅದು ನಾನಲ್ಲ..." ಎಂದು ಸಂಘಮಿತ್ರಾ ತೊದಲಿದಳು.

"ಮಾಡಿದ್ದು ನಾನು" ಎಂದಳು ದಾಕ್ಷಾಯಣಿ.

"ಹೌದಾ? ಮತ್ತೆ ಮನೇಲಿ ಯಾಕೆ ಹಿಂಗೆ ಮಾಡಲ್ಲ ನೀನು?"

ನಾಗಯ್ಯ ನಕ್ಕ. ಗಂಡಸರಿಬ್ಬರೂ ನಕ್ಕರು. ಏಕಾಂತಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದಾಗ ದಾಕ್ಷಾಯಣಿ ಹಿಂದೆಯೇ ಹೋದಳು. ಟವೆಲ್ ಕೊಡಲು ಹೋದ ಶೇಷಮ್ಮನಿಗೆ ಎಲ್ಲ ಕೇಳಿಸಿತು.

"ಇವತ್ತು ಉಪ್ಪಿನಕಾಯಿ ಯಾಕೆ ಕೇಳ್ಲಿಲ್ಲ?"

"ಬೇರೆಯವರ ಮನೇಲಿ ಹಾಗೆಲ್ಲ ಕೇಳ್ತಾರೇನೇ? ಮಾಡಿದೋರಿಗೆ ಬೇಜಾರಾಗಲ್ವಾ? ಅಷ್ಟು ಮರ್ಯಾದೆ ಗೊತ್ತಿಲ್ವಾ ನಂಗೆ?"

ಗೊತ್ತಿತ್ತು. ಅಂದರೆ ಇಷ್ಟು ದಿನವೂ ಅವನಿಗೆ ಗೊತ್ತಿತ್ತು! ಪಾಪ, ನಾಲಗೆ ಸತ್ತ ಮನುಷ್ಯ, ಹಾಸ್ಟೆಲಿನಲ್ಲಿ ಬೆಳೆದವನು ಎಂದು ದಾಕ್ಷಾಯಣಿ ಹೇಗೋ ಸಮಾಧಾನ ಮಾಡಿಕೊಂಡಿದ್ದಳು. ನಾಲಗೆ ನೆಟ್ಟಗೇ ಇತ್ತು. ಮಾಡಿದವರಿಗೆ ನೋವಾಗುತ್ತದೆ ಎಂಬುದೂ ತಿಳಿದಿತ್ತು. ಊರಿನವರಿಗೆಲ್ಲ ಸಲ್ಲುವ ಆ ಮರ್ಯಾದೆ ಅವಳೊಬ್ಬಳಿಗೆ ಸಲ್ಲುತ್ತಿರಲಿಲ್ಲ. ಟವೆಲನ್ನು ಅಲ್ಲೇ ಕಲ್ಲಿನ ಮೇಲೆ ಎಸೆದು ಶೇಷಮ್ಮ ಒಳಗೆ ಬಂದಳು.

ಮಾರನೆಯ ದಿನದಿಂದ ದಾಕ್ಷಾಯಣಿ ಗಂಡನ ತಟ್ಟೆಗೆ ಬರಿ ಅನ್ನ ಬಡಿಸಿ, ಸುತ್ತ ಜಾಡಿಗಳನ್ನಿಟ್ಟಳು. ಸಾರು, ಪಲ್ಯ ತನ್ನೊಬ್ಬಳಿಗೆ ಮಾಡಿಕೊಂಡಳು.

"ಏನಂದ್ರೇ ಅವ್ರು?" ಎಂದು ಶೇಷಮ್ಮ ಫೋನಿನಲ್ಲಿ ಕೇಳಿದಳು.

"ಏನಂತಾರೆ? ಪ್ರಸಾದಕ್ಕೆ ಹೆಸರಿಡೋ ಹಾಗಿಲ್ವಲ್ಲ! ಶೇಷಿ, ಸಾರಿಲ್ಲ ಅನ್ನೋದೇ ಗೊತ್ತಾಗಿಲ್ಲ ಕಣೇ. ಮೂರನೇ ದಿನ ತಲೆಯೆತ್ತಿ ಕೇಳಿದ್ರು. ಏನಂತ ಹೇಳು?"

"ಏನು?"

"ಮೊಸರು ಖಾಲಿಯಾಗಿದ್ಯಾ ಅಂತ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೇಷಮ್ಮನ ನಗು ನಿಂತ ಮೇಲೂ ಆ ಕಡೆಯಿಂದ ಸದ್ದು ಬರುತ್ತಲೇ ಇತ್ತು. ಅದು ನಗುವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಗೊಂದು ದಿನ ಸಾರಿಲ್ಲದ್ದು ಏಕಾಂತಪ್ಪನ ಗಮನಕ್ಕೆ ಬಂತು. ಅವನು ಹೆಂಡತಿಯನ್ನು ಕೇಳಲಿಲ್ಲ, ದಾವಣಗೆರೆಯಲ್ಲಿರುವ ಮಗಳಿಗೆ ಫೋನ್ ಮಾಡಿದ. "ಅಮ್ಮಾ, ಒಂದು ಚಮಚ ಉಪ್ಪಿನಕಾಯಿಗೆ ಈ ವಯಸ್ಸಲ್ಲಿ ಇಷ್ಟು ಹಠನಾ?" ಎಂದು ರಶ್ಮಿ ಬೈದಳು. ಒಂದು ಚಮಚವಂತೆ! ದಾಕ್ಷಾಯಣಿ ಕೇಳಿದ್ದು ಉಪ್ಪಿನಕಾಯಿ ಬಿಡಿ ಎಂದಲ್ಲ. ಮೊದಲ ಒಂದು ತುತ್ತು ತಾನು ಮಾಡಿದ ಹಾಗೇ ಅವನ ಬಾಯಿಗೆ ಹೋಗಲಿ ಎಂದು, ಅಷ್ಟೇ.

ಕಳೆದ ತಿಂಗಳ ಆ ಮಂಗಳವಾರ ಅವಳೇ ಶೇಷಮ್ಮನನ್ನು ಊಟಕ್ಕೆ ಕರೆದಳು. "ಹುರುಳಿ ನೆನೆಹಾಕಿದೀನಿ. ಬಾ ಮಾರಾಯ್ತಿ, ಒಬ್ಳೇ ಉಂಡು ಸಾಕಾಗಿದೆ."

ಮೂರು ತಟ್ಟೆ ಹಾಕಿದಳು. ಏಕಾಂತಪ್ಪ ಬಂದು ಕೂತವನು ಜಾಡಿಗಳನ್ನೆಲ್ಲ ಅತ್ತ ಸರಿಸಿದ. "ಇವತ್ತು ನಂಗೂ ಸಾರು ಹಾಕು. ಏನೂ ಬೆರೆಸ್ಕೊಳ್ಳಲ್ಲ, ಹಾಗೇ ಉಣ್ತೀನಿ."

ದಾಕ್ಷಾಯಣಿ ಗಂಡನ ಅನ್ನದ ಮೇಲೆ ಸಾರು ಹಾಕಿದಳು. ಹಬೆ ಎದ್ದಿತು. ಅವನು ಕಲಸಲು ಕೈ ಹಾಕಿದ.

"ಯಾಕೆ ಇವತ್ತು?" ಎಂದಳು ದಾಕ್ಷಾಯಣಿ.

"ಯಾಕೆ ಅಂದ್ರೆ? ಶೇಷಮ್ಮನೋರು ಬಂದಿದಾರಲ್ಲ. ಅವರೆದುರಿಗೆ ಹೇಗೆ..."

"ನಾಳೆ?"

"ನಾಳೆದು ನಾಳೆ ನೋಡೋಣ. ನೀನೊಬ್ಳು!"

ದಾಕ್ಷಾಯಣಿ ಸೌಟು ಕೆಳಗಿಟ್ಟಳು. ಉಪ್ಪಿನಕಾಯಿ ಜಾಡಿಯನ್ನು ಎಳೆದುಕೊಂಡು ಮುಚ್ಚಳ ತೆಗೆದಳು. ಏಕಾಂತಪ್ಪ ಕೈ ಅಡ್ಡ ಹಿಡಿದ. ಅವನ ಕೈ ಸರಿಸಿ, ಜಾಡಿಯನ್ನು ತಟ್ಟೆಯ ಮೇಲೆ ಬಗ್ಗಿಸಿ, ರಸ, ಹೋಳು ಎಲ್ಲ ಸುರಿದಳು. ಚಟ್ನಿಪುಡಿಯ ಡಬ್ಬಿ ಬೋರಲು ಹಾಕಿದಳು. ಅದರ ಮೇಲೆ ಮೊಸರು. ಅನ್ನವೂ ಕಾಣಲಿಲ್ಲ, ಸಾರೂ ಕಾಣಲಿಲ್ಲ.

"ಉಣ್ಣಿ" ಎಂದಳು. ದನಿ ಏರಿರಲಿಲ್ಲ. "ಇದು ಬೇರೆಯವರ ಮನೆ ಅಲ್ಲ."

ಆಮೇಲೆ ತನ್ನ ತಟ್ಟೆ ಎಳೆದುಕೊಂಡು ಕೂತಳು. ಬಿಸಿ ಅನ್ನಕ್ಕೆ ಹುರುಳಿಕಟ್ಟು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಅವಸರವಿಲ್ಲದೆ ಉಂಡಳು. ಮತ್ತೊಂದು ಸೌಟು ಹಾಕಿಕೊಂಡು ಉಂಡಳು. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿದಳು.