ಹನ್ನೆರಡನೆಯ ಸರಳು

ಬಳ್ಳಾರಿಯ ಕೌಲ್ ಬಜಾರಿನ ವೆಲ್ಡಿಂಗ್ ಶೆಡ್ಡುಗಳಲ್ಲಿ ಗೇಟು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕಿಟಕಿಯ ಗ್ರಿಲ್ಲಿನಲ್ಲಿ ನವಿಲು ಕೂರಿಸುವವರೂ ಇದ್ದಾರೆ. ಆದರೆ ಏಣಿ ಬೇಕೆಂದು ಯಾರನ್ನು ಕೇಳಿದರೂ ಕೈ ತೋರಿಸುವುದು ಒಂದೇ ಶೆಡ್ಡಿನ ಕಡೆಗೆ. ಅದು ಉಚ್ಚೆಂಗೆಪ್ಪನದು. ಕುರುಗೋಡಿನಿಂದ ಬಂದು ಇಲ್ಲಿ ಬೇರು ಬಿಟ್ಟು ಮೂವತ್ತೆರಡು ವರ್ಷವಾಗಿದೆ. ಮೈಮೇಲೆ ಕಿಡಿ ಸಿಡಿದ ಗುರುತುಗಳು ಎಷ್ಟಿವೆಯೋ ಅವನೂ ಎಣಿಸಿಲ್ಲ. ಏಣಿಯ ಮೆಟ್ಟಿಲುಗಳನ್ನು ಮಾತ್ರ ಎಣಿಸದೆ ಬಿಟ್ಟವನಲ್ಲ.

ಎಣಿಸುವ ಚಟ ಹತ್ತಿಸಿದವನು ಸಿರುಗುಪ್ಪದ ಅಕ್ಕಿ ಗಿರಣಿಯ ಕೊಟ್ಟೂರಪ್ಪ. ಕಸುಬು ಶುರುಮಾಡಿದ ವರ್ಷವೇ ಉಚ್ಚೆಂಗೆಪ್ಪ ಅವನಿಗೊಂದು ಏಣಿ ಮಾಡಿಕೊಟ್ಟ. ಮರುದಿನ ಅದು ಟ್ರ್ಯಾಕ್ಟರಿನಲ್ಲಿ ವಾಪಸು ಬಂತು, ಹಿಂದೆಯೇ ಕೊಟ್ಟೂರಪ್ಪನೂ ಬಂದ.

“ಎಣಿಸಿ ನೋಡಲೇ ಉಚ್ಚೆಂಗಿ! ಲಾಭ ಅಂತ ಶುರು ಆಗಿ ನಷ್ಟಕ್ಕ ನಿಂತೈತಿ. ನನ್ನ ಮಿಲ್ಲು ಮುಳುಗಸಾಕ ಮಾಡೀಯೇನು?”

ಮೆಟ್ಟಿಲು ಹತ್ತು ಇದ್ದವು. ಮೊದಲನೆಯದು ಲಾಭ, ಎರಡನೆಯದು ನಷ್ಟ, ಹೀಗೆ ಎಣಿಸುತ್ತ ಹೋದರೆ ಕೊನೆಯದು ಲಾಭಕ್ಕೇ ಬರಬೇಕು. ಮನೆಯ ಮೆಟ್ಟಿಲಾಗಲಿ ಏಣಿಯಾಗಲಿ ಈ ಸೀಮೆಯಲ್ಲಿ ಎಲ್ಲರ ಲೆಕ್ಕವೂ ಅದೇ. ಕೊಟ್ಟೂರಪ್ಪನ ಹೊಟ್ಟೆಗೆ ಏಣಿ ಹತ್ತುವ ಯೋಗ ಹುಟ್ಟಿದಾಗಿನಿಂದ ಇರಲಿಲ್ಲ, ಆ ಮಾತು ಬೇರೆ. ಉಚ್ಚೆಂಗೆಪ್ಪ ಅಂದೇ ಏಣಿಯನ್ನು ಬಿಚ್ಚಿ ಹನ್ನೊಂದು ಮೆಟ್ಟಿಲು ಮಾಡಿಕೊಟ್ಟ. ಆಮೇಲೆ ಅವನ ಕೈಯಿಂದ ಸರಿಸಂಖ್ಯೆಯ ಏಣಿ ಹೊರಬಿದ್ದದ್ದೇ ಇಲ್ಲ.

ಅವನ ಕೆಲಸಕ್ಕೆ ಟೇಪಿನ ಹಂಗಿಲ್ಲ. ಏಣಿಯ ಉದ್ದಕ್ಕೆ ಒಂದು ನೂಲು ಕತ್ತರಿಸುತ್ತಾನೆ, ಅದನ್ನು ಸಮನಾಗಿ ಮಡಚುತ್ತಾನೆ, ಮಡಿಕೆ ಬಂದಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಾನೆ. ನೂಲಿನ ಇನ್ನೊಂದು ತುದಿ ಹಿಡಿಯುವವಳು ಹೆಂಡತಿ ಹೊನ್ನೂರಮ್ಮ. ಗಂಡನಿಗೆ ಬುದ್ಧಿ ಹೇಳುವುದನ್ನೂ ಅವಳು ನೂಲು ಹಿಡಿದಾಗಲೇ ಇಟ್ಟುಕೊಂಡಿದ್ದಳು, ಆಗ ಅವನು ಎದ್ದು ಹೋಗುವಂತಿಲ್ಲವಲ್ಲ.

ಕಳೆದ ವರ್ಷ ಒಂದು ಟಿವಿ ಚಾನೆಲ್ಲಿನವರು ಕೊಳಗಲ್ಲಿನ ದಾರಿಯ ಬಯಲಿನಲ್ಲಿ ದೊಡ್ಡ ಸೆಟ್ಟು ಹಾಕಿದರು. ಓಡಬೇಕು, ಗೋಡೆ ಹತ್ತಬೇಕು, ಉರುಳುವ ಪೀಪಾಯಿ ದಾಟಬೇಕು, ಕೊನೆಗೆ ನೀರಿನ ಮೇಲೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಏಣಿಗೆ ಕೈಯಲ್ಲೇ ಜೋತುಬಿದ್ದು ಸರಳಿನಿಂದ ಸರಳಿಗೆ ಸಾಗಿ ಆಚೆಯ ಕಟ್ಟೆ ಸೇರಬೇಕು. ಅಂಥದೊಂದು ಸ್ಪರ್ಧೆ. ಆ ಕೊನೆಯ ಏಣಿ ಲಾರಿಯಲ್ಲಿ ಬರುವಾಗ ಸೊಟ್ಟಗಾಯಿತು. ಸೆಟ್ಟಿನ ಉಸ್ತುವಾರಿಯಲ್ಲಿದ್ದ ಅಕ್ಷತಾ ಎಂಬ ಹುಡುಗಿ ನಕ್ಷೆ ಹಿಡಿದು ಶೆಡ್ಡಿಗೆ ಬಂದಳು. ಉದ್ದ ಹತ್ತೊಂಬತ್ತೂವರೆ ಅಡಿ, ಸರಳು ಹನ್ನೆರಡು, ನಡುವೆ ಸಮ ಅಂತರ. ಎರಡೇ ದಿನ.

“ಆತ್ ಬಿಡವಾ, ಏಣಿ ಅಂದ್ರ ನನಗ ಹೇಳಬೇಕೇನು?” ಎಂದ ಉಚ್ಚೆಂಗೆಪ್ಪ. ಏಣಿ ಹೊತ್ತಿಗೆ ಸರಿಯಾಗಿ ಸಿದ್ಧವಾಯಿತು. ಅವರ ಕಡೆಯ ದಡೂತಿ ಹುಡುಗರಿಬ್ಬರು ಜೋತುಬಿದ್ದು ಕುಣಿದರೂ ಒಂದು ಬೆಸುಗೆಯೂ ಕದಲಲಿಲ್ಲ. ಅಕ್ಷತಾ ಖುಷಿಯಾಗಿ, ಶೂಟಿಂಗ್ ನೋಡಲು ಗಂಡ ಹೆಂಡತಿ ಇಬ್ಬರನ್ನೂ ಕರೆದಳು.

ಹೊನ್ನೂರಮ್ಮ ಮದುವೆಗೆ ಉಡುವ ಸೀರೆ ಉಟ್ಟಳು. ಬೆಳಿಗ್ಗೆ ಎಂಟಕ್ಕೆಲ್ಲ ಇಬ್ಬರೂ ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು. ನೀರಿನ ಮೇಲೆ ಅವರು ಮಾಡಿದ ಏಣಿ ಕೆಂಪು ಬಣ್ಣ ಬಳಿದುಕೊಂಡು ಮದುಮಗಳಂತೆ ನಿಂತಿತ್ತು. ಉಚ್ಚೆಂಗೆಪ್ಪ ಚಟಕ್ಕೆ ಎಣಿಸಿದ. ಲಾಭ, ನಷ್ಟ, ಲಾಭ... ಕೊನೆಯದು ಲಾಭ. ತೃಪ್ತಿಯಾಗಿ ಮೀಸೆ ಸವರಿಕೊಂಡ.

ಅಷ್ಟರಲ್ಲಿ ಮೈಕಿನವನು ಕೂಗಿದ: “ಸ್ನೇಹಿತರೇ, ಇದು ಕೊನೆಯ ಅಡ್ಡಿ! ಹನ್ನೆರಡು ಸರಳು, ಒಂದೊಂದಕ್ಕೂ ಒಂದೂವರೆ ಅಡಿ ಅಂತರ!”

ಉಚ್ಚೆಂಗೆಪ್ಪನ ಕೈ ಮೀಸೆಯ ಮೇಲೇ ನಿಂತಿತು. ಮತ್ತೆ ಎಣಿಸಿದ. ಹನ್ನೊಂದೇ. ನಕ್ಷೆ ಹನ್ನೆರಡು ಹೇಳಿತ್ತು, ಕಣ್ಣು ಅದನ್ನು ನೋಡಿತ್ತು, ಕೈ ಮಾತ್ರ ತನ್ನ ಹಳೆಯ ಲೆಕ್ಕದಂತೆ ಲಾಭಕ್ಕೆ ನಿಲ್ಲಿಸಿಬಿಟ್ಟಿತ್ತು. ಒಂದು ಸರಳು ಕಡಿಮೆಯಾದರೆ ಪ್ರತಿ ಅಂತರವೂ ಒಂದೂವರೆ ಇಂಚು ಹಿಗ್ಗುತ್ತದೆ. ನೆಲದ ಮೇಲೆ ಅದು ಏನೂ ಅಲ್ಲ. ಸೋತ ಕೈಯಲ್ಲಿ ಜೋತುಬಿದ್ದವರಿಗೆ ಅದೇ ಎಲ್ಲ.

ಮೊದಲು ಓಡಿದವಳು ಸಿರುಗುಪ್ಪದ ಪೂಜಿತಾ, ಹಮಾಲಿಯೊಬ್ಬನ ಮಗಳು. ಗೋಡೆಯನ್ನು ಕೋತಿಯಂತೆ ಹತ್ತಿದಳು, ಪೀಪಾಯಿಯನ್ನು ನಗುತ್ತ ದಾಟಿದಳು. ಏಣಿಯ ಏಳನೆಯ ಸರಳಿಗೆ ಬೆರಳ ತುದಿ ತಗುಲಿ ಜಾರಿತು. ದುಡುಮ್ಮನೆ ನೀರಿಗೆ ಬಿದ್ದಳು. ಎರಡನೆಯವಳು ಐದಕ್ಕೆ ಬಿದ್ದಳು, ಮೂರನೆಯವಳು ಎಂಟಕ್ಕೆ.

“ಬಳ್ಳಾರಿಯ ಏಣಿ ಯಾರನ್ನೂ ದಾಟಗೊಡುತ್ತಿಲ್ಲ!” ಎಂದು ಮೈಕಿನವನು ಹಿಗ್ಗಿದ. ಉಚ್ಚೆಂಗೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೇಳಿದರೆ ಮೂವತ್ತೆರಡು ವರ್ಷದ ಹೆಸರು ಈ ನೀರಿನಲ್ಲೇ ಮುಳುಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನು ಸುಮ್ಮನೆ ಕೂತ. ಸುಳ್ಳೇಕೆ, ಹೆದರಿಯೇ ಕೂತಿದ್ದ.

ಪೂಜಿತಾ ಒದ್ದೆ ಬಟ್ಟೆಯಲ್ಲೇ ಅವರ ಕುರ್ಚಿಯ ಹತ್ತಿರ ಕೂತು ಅಂಗೈ ನೋಡಿಕೊಳ್ಳುತ್ತಿದ್ದಳು. ಹೊನ್ನೂರಮ್ಮ ಟವೆಲ್ಲು ಕೊಟ್ಟು, “ಅಳಬ್ಯಾಡ ನನ್ನವ್ವ” ಎಂದಳು.

“ಬಿದ್ದಿದ್ದಕ್ಕ ಅಳಂಗಿಲ್ಲಬೇ ಅಮ್ಮ. ನಮ್ಮೂರಾಗ ಕೊಟ್ಟೂರಪ್ಪನವರ ಮಿಲ್ಲಿನ್ಯಾಗ ದೊಡ್ಡ ಏಣಿ ಐತಿ, ಅದೂ ಒಂದೂವರಿ ಅಡಿಗೊಂದು ಮೆಟ್ಲು. ಎರಡು ಕಂಬಕ್ಕ ಅಡ್ಡ ಕಟ್ಟಿಸಿಕೊಂಡು ಎಂಟು ತಿಂಗಳು ಜೋತು ಬಿದ್ದೀನಿ. ಒಂದು ದಿನ ಜಾರಿಲ್ಲ. ಇವತ್ತೇ ನನ್ನ ಕೈಗೆ ಏನಾತೋ. ನನ್ನ ಕೈಯೇ ಸರಿ ಇಲ್ಲ.”

ಅದೂ ಉಚ್ಚೆಂಗೆಪ್ಪ ಮಾಡಿದ ಏಣಿಯೇ. ಹುಡುಗಿ ತನ್ನ ಕೈಯನ್ನು ಬೈದುಕೊಳ್ಳುತ್ತಿದ್ದಾಳೆ, ತಪ್ಪು ಮಾಡಿದ ಕೈ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ತೊಡೆಯ ಮೇಲಿದೆ. ಅವನಿಗೆ ಇನ್ನು ತಡೆಯಲಾಗಲಿಲ್ಲ.

“ನಿನ್ನ ಕೈ ಸರಿ ಐತವಾ. ನನ್ನ ಕೈಯೇ ತಪ್ಪೈತಿ” ಎಂದು ಎದ್ದು ನೇರವಾಗಿ ಅಕ್ಷತಾಳ ಬಳಿಗೆ ಹೋದ. ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋದಳು.

“ಒಂದು ಸರಳು ಕಡಿಮಿ ಹಾಕೀನ್ರಿ. ಆ ಹುಡುಗ್ಯಾರು ಬಿದ್ದಿದ್ದು ನನ್ನಿಂದ.”

“ನೂಲು ನಾನೂ ಹಿಡಿದಿದ್ದೆ. ಬೈಯೋದಿದ್ರ ಇಬ್ಬರಿಗೂ ಬೈರಿ” ಎಂದಳು ಹೊನ್ನೂರಮ್ಮ.

ಅಕ್ಷತಾ ಓಡಿಹೋಗಿ ಟೇಪು ಹಿಡಿದಳು. ಅಂತರ ಒಂದೂವರೆ ಇಂಚು ಹೆಚ್ಚೇ ಬಂತು. “ಎಣಿಸದೆ ಒಪ್ಪಿಕೊಂಡವಳು ನಾನು. ಈಗ ನಿಮಗೆ ಏನಂತ ಬೈಯಲಿ?” ಎಂದಳು. ನಿರ್ದೇಶಕ ಮಾತ್ರ ಇಬ್ಬರ ಪಾಲಿನದನ್ನೂ ಸೇರಿಸಿ ಬೈದ. ಬೈದು ಮುಗಿದ ಮೇಲೆ ನಿಯಮದ ಹಾಳೆ ತಿರುವಿ ಹಾಕಿ ಹೇಳಿದ: ಅಳತೆ ತಪ್ಪಿದ ಅಡ್ಡಿಯ ಮೇಲಿನ ಓಟ ಲೆಕ್ಕಕ್ಕಿಲ್ಲ. ಏಣಿ ಸರಿಯಾದರೆ ಮೂವರೂ ಸಂಜೆ ಹೊಸದಾಗಿ ಓಡಬಹುದು.

ಉಚ್ಚೆಂಗೆಪ್ಪ ಮೂಗು ಹಿಡಿದವನು ಉಸಿರು ಬಿಡುವಂತೆ ಉಸಿರು ಬಿಟ್ಟ. ಶೆಡ್ಡಿನಿಂದ ಸಾಮಾನು ತರಿಸಿ, ಏಣಿ ಇಳಿಸಿ, ಹನ್ನೊಂದು ಸರಳನ್ನೂ ಕೊಯ್ದು ಬಿಡಿಸಿದ. ಟೇಪು ಹಿಡಿದು ಗುರುತು ಹಾಕಿ ಒಂದೊಂದಾಗಿ ಬೆಸೆಯುತ್ತ ಬಂದ. ಹನ್ನೊಂದು ಮುಗಿದ ಮೇಲೆ ಕೈ ತಡೆಯಿತು.

“ಇದನ್ನು ಹಾಕಿದ್ರ ನಷ್ಟಕ್ಕ ನಿಲ್ತೈತಲ್ಲೇ” ಎಂದು ಪಿಸುಗುಟ್ಟಿದ.

“ಬೆಳಿಗ್ಗಿ ಮೂರು ಹುಡುಗ್ಯಾರು ಬಿದ್ದಿದ್ದು ಲಾಭದ ಏಣಿಯಿಂದನೇ ಅಲ್ಲೇನು?” ಎಂದಳು ಹೊನ್ನೂರಮ್ಮ. “ಸುಮ್ನ ಹಾಕು.”

ಅವನು ಹಾಕಿದ. ಎರಡು ಸಲ ಬೆಸುಗೆ ಕೊಟ್ಟ.

ನಾಲ್ಕು ಗಂಟೆಗೆ ಪೂಜಿತಾ ಮತ್ತೆ ಓಡಿದಳು. ಗೋಡೆ ಆಯಿತು, ಪೀಪಾಯಿ ಆಯಿತು. ಏಣಿಗೆ ಕೈ ಹಾಕುವ ಮೊದಲು ಒಮ್ಮೆ ಉಚ್ಚೆಂಗೆಪ್ಪನ ಕಡೆ ನೋಡಿದಳು. ಜೋತುಬಿದ್ದಳು. ಉಚ್ಚೆಂಗೆಪ್ಪನ ತುಟಿ ತಾನಾಗಿಯೇ ಎಣಿಸತೊಡಗಿತು. ಏಳನೆಯ ಸರಳು ಅವಳ ಮುಷ್ಟಿಯೊಳಗೆ ಪೂರ್ತಿ ಕೂತಿತು. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ಲಾಭ. ಹನ್ನೆರಡಕ್ಕೆ ನಷ್ಟ ಎಂದು ಬಾಯಿಗೆ ಬಂದದ್ದೇ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿದ. ನೀರಿನ ಸದ್ದಿಗೆ ಕಿವಿಗೊಟ್ಟು ಕಾದ. ಸದ್ದು ಬರಲಿಲ್ಲ. ಜನ ಹೋ ಎಂದು ಕೂಗಿದರು.

ಹೊನ್ನೂರಮ್ಮ ಅವನ ಪಕ್ಕೆಗೆ ತಿವಿದಳು. “ಕಣ್ಣು ತೆಗಿ. ಹುಡುಗಿ ಕಟ್ಟಿ ಮ್ಯಾಲೆ ಕಾಲಿಟ್ಟಾಳ. ಅದನ್ನೂ ಎಣಸು.”

ಉಚ್ಚೆಂಗೆಪ್ಪ ಕಣ್ಣು ತೆರೆದ. ಆಚೆಯ ಕಟ್ಟೆಯ ಮೇಲೆ ಪೂಜಿತಾ ಎರಡೂ ಅಂಗೈ ಎತ್ತಿ ಅವನಿಗೇ ತೋರಿಸುತ್ತ ನಿಂತಿದ್ದಳು.

“ಲಾಭ” ಎಂದ ಅವನು, ಎಲ್ಲರಿಗೂ ಕೇಳುವಷ್ಟು ಜೋರಾಗಿ.