ಕಸ್ತೂರಿ ಇಟ್ಟ ಎರಡನೇ ಬ್ರೌಸರ್

ಕಸ್ತೂರಿಗೆ ಎರಡು ದನಿ ಇದ್ದವು. ಒಂದು ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಇನ್ನೊಂದು ಎದುರಿನ ಸ್ಟೂಲಿನ ಮೇಲೆ ಕೂತವರಿಗೆ ಮಾತ್ರ. “ಪಹಣಿ ಬೇಕೇನ್ರಿ? ಸರ್ವೆ ನಂಬರ್ ಹೇಳ್ರಿ” ಎಂದು ದೊಡ್ಡ ದನಿಯಲ್ಲಿ ಕೂಗಿ, ಅದೇ ಉಸಿರಿನಲ್ಲಿ ಸಣ್ಣ ದನಿ ತೆಗೆದು “ಎಷ್ಟ್ ದಿನದಿಂದ ನೋವೈತಿ?” ಎಂದು ಕೇಳುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕೂತ ಗಂಡಸರಿಗೆ ಸರ್ವೆ ನಂಬರಷ್ಟೇ ಕೇಳಿಸುತ್ತಿತ್ತು.

ಮಿಶ್ರಿಕೋಟಿಯಲ್ಲಿ ಆಕೆಯದು ಕಂಪ್ಯೂಟರ್ ಅಂಗಡಿ. ಆಕೆಯದು ಅನ್ನುವುದು ಬಾಯಿಮಾತು. ಜಾಗ, ಮಶೀನು, ಬೋರ್ಡು ಎಲ್ಲ ಆಕೆಯ ಗಂಡನ ಅಣ್ಣ ಶಂಕ್ರಪ್ಪನದು. ಗಂಡ ಟೆಂಪೋ ಓಡಿಸುತ್ತಿದ್ದ. ಕಸ್ತೂರಿ ಮುಂಜಾನೆಯಿಂದ ಸಂಜೆತನಕ ಅಲ್ಲಿ ಕೂತು ಪಹಣಿ, ಆಧಾರ್, ಬಸ್ ಪಾಸು ಎಂದು ಬೆರಳು ಸವೆಸುತ್ತಿದ್ದಳು. ತೆಳ್ಳಗಿನ ಹೆಂಗಸು. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಅಂಗಡಿಯೆಲ್ಲ ಹುಡುಕುವವಳು. ಸಿಟ್ಟು ಬಂದರೆ ಪ್ರಿಂಟರಿಗೆ ಬಡಿಯುತ್ತಿದ್ದಳು. ಮನುಷ್ಯರಿಗೆ ಬೈದದ್ದು ನಾನು ಕಂಡಿಲ್ಲ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮನೆಗೆ ಯಾವ ಕಾಗದ ಬಂದರೂ ಆಕೆಯ ಹತ್ತಿರವೇ ಓಡುತ್ತಿದ್ದೆ.

ಶಂಕ್ರಪ್ಪ ಕೆಟ್ಟವನಲ್ಲ, ಅವನ ಬಾಯಿ ಕೆಟ್ಟದ್ದು. ಇಂಟರ್ನೆಟ್ ತೆರೆಯುವುದಕ್ಕೆ ಬ್ರೌಸರ್ ಬೇಕಂತೆ. ಅದು ಯಾವ ಹೊತ್ತಿಗೆ ಏನು ನೋಡಿದರೂ ಬರೆದಿಟ್ಟುಕೊಳ್ಳುತ್ತದಂತೆ. ಸಂಜೆಗೆ ಶಂಕ್ರಪ್ಪ ಬಂದು ಆ ಪಟ್ಟಿ ತೆಗೆದು ಓದುತ್ತಿದ್ದ, ಆ ಹೊತ್ತಿಗೆ ಯಾರು ಬಂದಿದ್ದರೆಂದು ಕಟ್ಟೆಯವರನ್ನು ಕೇಳಿಕೊಂಡು, ಚಹಾದಂಗಡಿಯಲ್ಲಿ ಅದನ್ನೇ ಹೇಳುತ್ತ ಕೂರುತ್ತಿದ್ದ. ಮದುವೆಯಾಗಿ ನಾಲ್ಕು ವರ್ಷವಾದ ಒಬ್ಬಳು ಹುಡುಗಿ ಮಕ್ಕಳಾಗದ್ದಕ್ಕೆ ಏನು ಕಾರಣ ಎಂದು ಕಸ್ತೂರಿಯಿಂದ ಅದರಲ್ಲಿ ಹುಡುಕಿಸಿ ಹೋಗಿದ್ದಳು. ಮರುದಿನ ಹಿಟ್ಟಿನ ಗಿರಣಿಯಲ್ಲಿ ಆಕೆಯ ಅತ್ತೆಗೇ ಸುದ್ದಿ ಸಿಕ್ಕಿತು. ಆ ಹುಡುಗಿ ಅಂಗಡಿಯ ಬಾಗಿಲಿಗೆ ಬಂದು ನಿಂತು, ಕಸ್ತೂರಿಯ ಮುಖ ನೋಡಿ ತಿರುಗಿ ಹೋದಳು. ಆಮೇಲೆ ಹೆಂಗಸರು ಕಾಗದಪತ್ರಕ್ಕೆ ಮಾತ್ರ ಬರತೊಡಗಿದರು.

ಎಂಟು ದಿನದ ಮೇಲೆ ಕಸ್ತೂರಿ ಕಂಪ್ಯೂಟರಿಗೆ ಇನ್ನೊಂದು ಬ್ರೌಸರ್ ಹಾಕಿದಳು. ಮುಚ್ಚಿದ ಕೂಡಲೇ ನೋಡಿದ್ದೆಲ್ಲ ಅದರಲ್ಲಿ ಅಳಿಸಿಹೋಗುವ ಹಾಗೆ ಮಾಡಿಟ್ಟಳು.

“ಎರಡಕ್ಕೂ ಏನ್ ಫರಕ್?” ಎಂದು ಕೇಳಿದೆ.

“ಎರಡೂ ಹುಬ್ಬಳ್ಳಿಗೆ ಹೋಗು ಬಸ್ಸ ರೀ ಆಯಿ. ಒಂದರ ಕಂಡಕ್ಟರ್ ಯಾರ್ ಎಲ್ಲಿ ಇಳದ್ರು ಅಂತ ಊರಿಗೆಲ್ಲಾ ಹೇಳ್ತಾನ. ಇನ್ನೊಬ್ಬಾಂವ ಟಿಕೀಟ್ ಹರದು ಸುಮ್ನಾಗ್ತಾನ.”

“ಹಂಗಾರ ಆ ಬಾಯಿಬಡಕನ್ನ ಯಾಕ ಇಟ್ಟೀ?”

“ಪಹಣಿ ಅದರಾಗ ತಗೀತೀನಿ. ಭಾವಾರಿಗೆ ಸಂಜೀಕ ಓದಾಕ ಏನರ ಬೇಕಲ್ರಿ.”

ಶಂಕ್ರಪ್ಪ ಇದೇನಿದು ಹೊಸದು ಎಂದು ಕೇಳಿದಾಗ, “ಸರ್ಕಾರದ ಸೈಟ್ ಇದರಾಗ ಲಗೂನ ತಗೀತಾವ್ರಿ” ಎಂದು ಮುಖ ನೆಟ್ಟಗಿಟ್ಟುಕೊಂಡು ಹೇಳಿದಳು. ಸುಳ್ಳು. ಹೊಸದು ಹಳೆಯದಕ್ಕಿಂತ ನಿಧಾನ.

ನನಗೆ ಮುಟ್ಟು ನಿಂತು ಹನ್ನೆರಡು ವರ್ಷವಾಗಿತ್ತು. ಒಂದು ದಿನ ಮತ್ತೆ ರಕ್ತ ಕಂಡಿತು. ಸೊಸೆಗೆ ಹೇಳಲು ನಾಚಿಕೆ, ಮಗನಿಗೆ ಹೇಳುವ ಮಾತೇ ಅಲ್ಲ. ಎರಡು ತಿಂಗಳು ಮುಚ್ಚಿಟ್ಟೆ. ಕೊನೆಗೆ ಹೋಗಿ ಆ ಸ್ಟೂಲಿನ ಮೇಲೆ ಕೂತೆ. ಕಸ್ತೂರಿ ದೊಡ್ಡ ದನಿಯಲ್ಲಿ ಸರ್ವೆ ನಂಬರ್ ಕೇಳಿದಳು. ಗೇಣು ಹೊಲವಿಲ್ಲದ ನಾನು ಬಾಯಿಗೆ ಬಂದ ನಂಬರ್ ಹೇಳಿದೆ. ಆಮೇಲೆ ಮೆಲ್ಲಗೆ ನನ್ನ ಸಂಕಟ ಹೇಳಿದೆ. ಕಸ್ತೂರಿ ಹೊಸ ಬ್ರೌಸರಿನಲ್ಲಿ ತೆಗೆದು ಬಹಳ ಹೊತ್ತು ಓದಿದಳು.

“ಏನ್ ಬರದಾರ?”

“ಹೆದರಸಾಕ ಭಾಳ ಬರದಾರ. ಅದು ನಮಗ ಬ್ಯಾಡ. ಎಲ್ಲಾರೂ ಕೂಡಿ ಒಂದ ಮಾತ ಹೇಳ್ಯಾರ್ರಿ, ತಡಾ ಮಾಡಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ ಅಂತ.”

“ಸಾಯ್ತೀನೇನ?”

“ಹಂಗೇನ್ ಬರದಿಲ್ರಿ. ನಾಳೆ ಏಳರ ಬಸ್ಸಿಗೆ ಹೋಗೂಣು.”

ಅಂಗಡಿಗೆ ಕೀಲಿ ಹಾಕಿ ನನ್ನ ಜೊತೆ ಹುಬ್ಬಳ್ಳಿಗೆ ಬಂದಳು. ಅಲ್ಲಿ ಡಾಕ್ಟರಮ್ಮ ತಪಾಸಣೆ ಮಾಡಿ, ಹೊತ್ತಿಗೆ ಬಂದಿರಿ, ಗರ್ಭಚೀಲ ತೆಗೆಯಬೇಕು ಎಂದು ದಿನ ಗೊತ್ತು ಮಾಡಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಸ್ತೂರಿ ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು. ರೋಗ ನನ್ನದು, ನಿದ್ದೆ ಆಕೆಯದು.

ಅಷ್ಟರಲ್ಲಿ ಆಕೆಯ ಸುಳ್ಳು ಊರು ತಿರುಗಿತ್ತು. ಗಂಡಸರೆಲ್ಲ “ಹೊಸಾದರಾಗ ತಗಿಯವಾ, ಅದು ಲಗೂ ಓಡತೈತಂತ” ಎಂದು ಹಟ ಹಿಡಿದರು. ಮೊದಲಿಗಿಂತ ಹೆಚ್ಚು ಹೊತ್ತು ಕಾದವರೂ “ಎಷ್ಟ್ ಫಾಸ್ಟ್ ಐತಿ ನೋಡಲೇ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕಸ್ತೂರಿ ಅಲ್ಲ ಅನ್ನುವ ಹಾಗಿರಲಿಲ್ಲ. ಪಹಣಿಯೂ ಹೊಸದರಲ್ಲೇ ಹೋಯಿತು, ಹಳೆಯದರ ಪಟ್ಟಿ ಬರಿದಾಯಿತು.

ಆಪರೇಶನ್ನಿಗೆ ನಾಲ್ಕು ದಿನ ಇತ್ತು. ಆಧಾರ್ ಕಾರ್ಡಿನ ಝೆರಾಕ್ಸಿಗೆ ಹೋದರೆ ಶಂಕ್ರಪ್ಪ ನಡುವೆ ನಿಂತಿದ್ದ.

“ದಿನಾ ಅಂಗಡಿ ತುಂಬ ಮಂದಿ. ಇದರಾಗ ನೋಡಿದ್ರ ಒಂದೂ ಇಲ್ಲ. ಹಳೇದು ಯಾಕ ಬಿಟ್ಟಿ?”

“ಅದು ಭಾಳ ಮಾತಾಡತಿತ್ರಿ ಭಾವಾರ.”

ಅವನಿಗೆ ತಿಳಿಯಿತು. ಕಿವಿ ಕೆಂಪಾದವು. “ನನ್ನ ಅಂಗಡ್ಯಾಗ ನನಗ ಗೊತ್ತಿಲ್ದಂಗ? ಯಾರ್ ಯಾರ್ ಬಂದಿದ್ರು, ಹೇಳು.”

ಕಸ್ತೂರಿ ನನ್ನ ಕಾರ್ಡು ಇಸಿದುಕೊಂಡು ಝೆರಾಕ್ಸ್ ಮಶೀನಿಗೆ ಹಾಕಿದಳು. ಅವನು ನನ್ನ ಕಡೆ ತಿರುಗಿದ. “ಆಯಿ, ನಿನಗ ಹೊಲಾನ ಇಲ್ಲ. ನೀ ಏನ್ ಕೇಳಾಕ ಬರ್ತಿದ್ದಿ?”

“ಮುಟ್ಟ ನಿಂತ ಮ್ಯಾಲ ರಕ್ತ ಹೋಗಾಕತ್ತಿತ್ತು, ಅದನ್ನ ಕೇಳಾಕ ಬಂದಿದ್ದೆ. ಗರ್ಭಚೀಲ ತಗೀತಾರಂತ. ಹೋಗು, ಚಹಾದಂಗಡ್ಯಾಗ ಹೇಳು. ಉಳದವ್ರದು ಕೇಳಬ್ಯಾಡ.”

ಶಂಕ್ರಪ್ಪ ನೆಲ ನೋಡಿದ. ಎಲ್ಲಿಯೂ ಹೇಳಲಿಲ್ಲ, ಅಷ್ಟು ಮರ್ಯಾದೆ ಅವನಿಗಿತ್ತು. ಆದರೆ ಅಂಗಡಿಯ ಕೀಲಿಕೈ ಕೇಳಿ ತೆಗೆದುಕೊಂಡ.

ಕಸ್ತೂರಿ ಗಂಡನ ಜೊತೆ ಕಲಘಟಗಿಗೆ ಹೋಗಿ, ಒಂದು ಓಣಿಯಲ್ಲಿ ಕೋಣೆ ಹಿಡಿದು ಹಳೆಯ ಕಂಪ್ಯೂಟರ್ ಇಟ್ಟುಕೊಂಡಳು. ಮಿಶ್ರಿಕೋಟಿಯಲ್ಲಿ ಈಗ ಶಂಕ್ರಪ್ಪನೇ ಕೂರುತ್ತಾನೆ. ಅವನ ಮಶೀನು ಚಲೋ, ಬಸ್ ಚಾರ್ಜಿಲ್ಲ, ಕಾಯುವುದಿಲ್ಲ. ಆದರೂ ನಮ್ಮೂರ ಹೆಂಗಸರು ಸಂತೆಯ ನೆಪ ಹೇಳಿ ಕಲಘಟಗಿ ಬಸ್ಸು ಹತ್ತತೊಡಗಿದರು. ಯಾಕೆ ಎಂದು ಗಂಡಸರು ಇನ್ನೂ ತಲೆ ಕೆರೆದುಕೊಳ್ಳುತ್ತಾರೆ.

ಆಪರೇಶನ್ ಆಗಿ ಮೈ ಗಟ್ಟಿಯಾದ ಮೇಲೆ, ಆಕೆಗೆಂದು ಒಂದು ಸಣ್ಣ ಚೀಲದಲ್ಲಿ ಹೊಸ ಅಕ್ಕಿ ಹಿಡಿದು ನಾನೂ ಹೋದೆ. ಆ ದಿನ ಸೊಸೆ ರೇಣುಕಾ ದುಮ್ಮವಾಡದ ತವರಿಗೆ ಹೋಗುತ್ತೇನೆ ಎಂದು ಮುಂಜಾನೆಯೇ ಹೊರಟಿದ್ದಳು.

ಓಣಿಯ ಈಚೆಯಿಂದಲೇ ಅಂಗಡಿಯ ಬಾಗಿಲು ಕಂಡಿತು. ಒಳಗೆ ಸ್ಟೂಲಿನ ಮೇಲೆ ಒಬ್ಬಳು ಸೆರಗು ಹೊದ್ದು, ಬೆನ್ನು ಬಾಗಿಸಿ ಕೂತಿದ್ದಳು. ಸೀರೆ ನಾನೇ ಆರಿಸಿ ಕೊಡಿಸಿದ್ದು. ರೇಣುಕಾ. ಕಸ್ತೂರಿ ಆಕೆಯ ಬಾಯಿಗೆ ಕಿವಿ ಹತ್ತಿರ ತಂದು ಕೇಳುತ್ತಿದ್ದಳು. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಕರೆಯಲಿಲ್ಲ. ಏನಾಗಿದೆಯೋ ಈ ಹುಡುಗಿಗೆ ಎಂದುಕೊಂಡೆ. ಒಂದು ಹೆಜ್ಜೆ ಮುಂದಿಟ್ಟೆ. ಆಮೇಲೆ ಅಕ್ಕಿಚೀಲ ಸೊಂಟಕ್ಕೇರಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ಕಸ್ತೂರಿಯನ್ನು ನೋಡಿದ್ದು ಅದೇ ಕೊನೆ. ಮಳೆಗಾಲಕ್ಕೆ ಮುಂಚೆ ಅವರು ಟೆಂಪೋದಲ್ಲಿ ಸಾಮಾನು ಹೇರಿ ದಾಂಡೇಲಿ ಕಡೆ ಹೋದರಂತೆ.

ಆ ದಿನ ಸಂಜೆ ರೇಣುಕಾ ಬಂದು ಚಪ್ಪಲಿ ಬಿಟ್ಟಳು.

“ದುಮ್ಮವಾಡದಾಗ ಎಲ್ಲಾರೂ ಆರಾಮ ಅದಾರ್ರಿ ಅತ್ತಿ.”

“ಚಲೋ ಆತು” ಅಂದೆ.

ಕೂತುಕೋ ಎಂದು ಹೇಳಿ ಒಲೆಯ ಮೇಲೆ ಚಹಾಕ್ಕೆ ಇಟ್ಟೆ. ಆಕೆ ನಮ್ಮ ಮನೆಗೆ ಬಂದು ಒಂಬತ್ತು ವರ್ಷ. ನಾನು ಆಕೆಗೆ ಚಹಾ ಮಾಡಿಕೊಟ್ಟದ್ದು ಅದೇ ಮೊದಲು.